ದೈವದ ಕಲ್ಲಿನ ಸುತ್ತ ಗುಡಿಸಿದ ನೆಲ

1963ನೇ ಇಸವಿ ಏಪ್ರಿಲ್ 18, ಗುರುವಾರ, ಸಂಜೆ ಆರು ಗಂಟೆ ನಲವತ್ತು ನಿಮಿಷ. ಠಾಣೆಯ ಮೆಟ್ಟಿಲು ಹತ್ತಿ ಬಂದ ಗುರುವಪ್ಪ ಮಾಷ್ಟ್ರ ಬಿಳಿ ಪಂಚೆ ಮೊಣಕಾಲಿನ ತನಕ ಮಸಿಯಾಗಿತ್ತು. ಎಡಗಡೆಯ ಹುಬ್ಬು ಸುಟ್ಟು ಸುರುಟಿತ್ತು. ಹೆಡ್ ಕಾನ್‌ಸ್ಟೇಬಲ್ ಕೂಸಪ್ಪ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟ. ಮಾಷ್ಟ್ರು ಎರಡು ಲೋಟ ಕುಡಿದು, ಮೂರನೆಯದನ್ನು ತಲೆಗೆ ಸುರಿದುಕೊಂಡು, ಆಮೇಲೆ ಬಾಯಿ ಬಿಟ್ಟರು.

"ಶಿಬಿರ ಪೂರ ಹೋಯ್ತು ಮಾರಾಯ್ರೆ. ಒಂಬತ್ತು ಡೇರೆ. ಅಡಿಗೆಯ ದುಗ್ಗಮ್ಮ ಬದುಕ್ತಾಳೋ ಇಲ್ವೋ, ದೇವರಿಗೇ ಗೊತ್ತು."

ಗುರುವಪ್ಪ ಮಾಷ್ಟ್ರು ಪುತ್ತೂರಿನ ಕಡೆಯ ಒಂದು ಶಿಕ್ಷಕರ ತರಬೇತಿ ಶಾಲೆಯವರು. ವರ್ಷವೂ ಏಪ್ರಿಲ್ ನಡುವಿನ ಬಿಸು ಹಬ್ಬದ ಮರುದಿನ, ಮುಂದೆ ಮಾಷ್ಟ್ರುಗಳಾಗಲಿರುವ ಮೂವತ್ತು ಯುವಕರನ್ನು ಕಟ್ಟಿಕೊಂಡು ಕೊಲ್ಲಮೊಗ್ರು ಮೇಲಿನ ಬಾಳೆಕಜೆ ಕಾಡಿಗೆ ಬರುತ್ತಾರೆ. ಐದು ದಿನ ಡೇರೆ ಹಾಕಿ ಬೇಸಗೆ ಶಿಬಿರ. ಮರ ಗುರುತಿಸುವುದು, ದಾರಿ ಹುಡುಕುವುದು, ಸಂಜೆ ಬೆಂಕಿಯ ಸುತ್ತ ಕೂತು ಕತೆ ಕೇಳುವುದು. ಇದು ಹತ್ತನೇ ವರ್ಷ. ಆ ಉರಿಬಿಸಿಲಿನಲ್ಲಿ, ಕಾಡು ಹಪ್ಪಳವಾಗಿರುವ ಹೊತ್ತಿನಲ್ಲಿ, ಇವರಿಗೆ ಇದು ಬೇಕಿತ್ತೇ ಎಂದು ಕೇಳಬೇಡಿ. ಶಾಲೆಗೆ ರಜೆ ಸಿಗುವುದೇ ಆಗ.

ಈ ದಿನ ಮಧ್ಯಾಹ್ನ ಸುಮಾರು ಎರಡೂವರೆಗೆ, ಎಲ್ಲರೂ ಉಂಡು ಮರದ ನೆರಳಿನಲ್ಲಿ ಅಡ್ಡಾಗಿದ್ದಾಗ, ಪಡುಬದಿಯಿಂದ ಬೆಂಕಿ ಎದ್ದು ಬಂತು. ಸಾಮಾನಿನ ಡೇರೆಯೊಳಗೆ ಮಲಗಿದ್ದ ದುಗ್ಗಮ್ಮ ಸಿಕ್ಕಿಬಿದ್ದಳು. ಅವಳನ್ನು ಹೊತ್ತು ತಂದದ್ದು ಈ ವರ್ಷ ಶಿಬಿರದ ಮಾರ್ಗದರ್ಶಿಯಾಗಿ ಬಂದ ತ್ಯಾಂಪಣ್ಣ. ಮಿಲಿಟರಿಯಿಂದ ನಿವೃತ್ತರಾದ ಹವಾಲ್ದಾರರು. ಅವರ ಎರಡೂ ಕೈ ಬೆಂದಿವೆ. ಇಬ್ಬರನ್ನೂ ಮರ ಸಾಗಿಸುವ ಲಾರಿಯಲ್ಲಿ ಪುತ್ತೂರಿನ ಆಸ್ಪತ್ರೆಗೆ ಕಳಿಸಿಯಾಗಿದೆ.

"ನಿಮ್ಮ ಒಲೆಯ ಬೆಂಕಿಯೇ ಇರಬಹುದಲ್ಲ?" ಸಬ್ ಇನ್ಸ್‌ಪೆಕ್ಟರ್ ಮಹಾಗಣಪತಿ ಕೇಳಿದರು.

"ನಮ್ಮ ಒಲೆ ಇದ್ದದ್ದು ಮೂಡುಬದಿಗೆ ಸರ್. ಬೆಂಕಿ ಬಂದದ್ದು ನೀರಿನ ತೋಡಿನ ಹತ್ತಿರದಿಂದ, ಪಡುಬದಿಯಿಂದ. ಅಲ್ಲಿ ನಮ್ಮವ್ರು ಯಾರೂ ಇರ್ಲಿಲ್ಲ. ಯಾರೋ ಕೊಟ್ಟ ಬೆಂಕಿ ಅದು."

ಕೂಸಪ್ಪ ದೂರು ಬರೆದುಕೊಂಡ. ಅಪರಾಧ ಸಂಖ್ಯೆ 17/63, ಭಾರತ ದಂಡಸಂಹಿತೆ ಕಲಂ 435. ಎಫ್‌ಐಆರ್ ಅವನದೇ ದುಂಡನೆಯ ಕೈಬರಹದಲ್ಲಿ ತಯಾರಾಯಿತು. ಮಹಾಗಣಪತಿ ಓದಿ, ಕೆಂಪು ಶಾಯಿಯ ಪೆನ್ನು ತೆಗೆದು, 'ಬೆಂಕಿ ಬಿದ್ದು' ಎಂದಿದ್ದಲ್ಲಿ 'ಬೆಂಕಿ ತಗುಲಿ' ಎಂದು ತಿದ್ದಿದರು. ಒಂದೇ ಶಬ್ದ. ಕೂಸಪ್ಪನಿಗೆ ಆ ಪೆನ್ನನ್ನು ಅವರ ಜೇಬಿನೊಳಗೇ ಮುರಿಯಬೇಕು ಎನಿಸಿತು.

ಅವನಿಗೆ ನಲವತ್ತೇಳು. ಮದರಾಸು ಸರಕಾರದ ಕಾಲದಲ್ಲಿ ಪೊಲೀಸು ಸೇರಿದವ, ಇಪ್ಪತ್ತೆರಡು ವರ್ಷದ ಸರ್ವೀಸು. ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರು ಎರಡು ಸಲ ಬಂದಿತ್ತು. ಒಂದು ಸಲ ರಾಜ್ಯವೇ ಬದಲಾಯಿತು. ಇನ್ನೊಂದು ಸಲ ಮೇಲೆ ಹೋದ ಪಟ್ಟಿ ಕೆಳಗೆ ಬರಲೇ ಇಲ್ಲ. ಅದರ ಬದಲು ಈ ಮಹಾಗಣಪತಿ ಬಂದರು. ಶಿರಸಿ ಕಡೆಯವರು, ಇಪ್ಪತ್ತಾರು ವರ್ಷ, ಡಿಗ್ರಿ, ಇಸ್ತ್ರಿ ಮುರಿಯದ ಅಂಗಿ. ಕೆಟ್ಟವರೇನಲ್ಲ. ಕೂಸಪ್ಪನ ಹೊಟ್ಟೆ ಉರಿಯುತ್ತಿದ್ದದ್ದೇ ಅದಕ್ಕೆ. ಕೆಟ್ಟವರಾಗಿದ್ದರೆ ಮನೆಗೆ ಹೋಗಿ ಬಾಯಿತುಂಬ ಬಯ್ದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಏಪ್ರಿಲ್ 19, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಸ್ಥಳ ಪಂಚನಾಮೆ ಆರಂಭವಾಯಿತು. ಮಹಾಗಣಪತಿ, ಕೂಸಪ್ಪ, ಕಾನ್‌ಸ್ಟೇಬಲ್ ಮಾಯಿಲಪ್ಪ, ಪಂಚರಾಗಿ ಊರಿನ ಇಬ್ಬರು. ದಾರಿ ತೋರಿಸಲು ಅರಣ್ಯ ಇಲಾಖೆಯ ಬೆಂಕಿ ಕಾವಲುಗಾರ ಮೇದಪ್ಪ.

ಮೇದಪ್ಪನೂ ಕೂಸಪ್ಪನೂ ನಾಲ್ಕನೇ ಕ್ಲಾಸಿನ ತನಕ ಒಂದೇ ಬೆಂಚಿನಲ್ಲಿ ಕೂತವರು. ಆಮೇಲೆ ಒಬ್ಬ ಪೊಲೀಸಾದ, ಇನ್ನೊಬ್ಬ ಕಾಡು ಹಿಡಿದ. ಜನವರಿಯಿಂದ ಮಳೆ ಬೀಳುವ ತನಕ 'ಬೆಂಕಿ ಲೈನ್' ಕಾಯುವುದು ಮೇದಪ್ಪನ ಕೆಲಸ. ಲೈನ್ ಅಂದರೆ ಹನ್ನೆರಡು ಅಡಿ ಅಗಲಕ್ಕೆ ಗಿಡ ಕಡಿದು, ತರಗೆಲೆ ಗುಡಿಸಿ, ಬರೀ ಮಣ್ಣು ಕಾಣುವ ಹಾಗೆ ಇಟ್ಟ ಉದ್ದದ ಪಟ್ಟಿ. ಒಂದು ಬದಿಗೆ ಬೆಂಕಿ ಬಿದ್ದರೂ ಮಣ್ಣು ದಾಟಿ ಇನ್ನೊಂದು ಬದಿಗೆ ಹೋಗಬಾರದು. ಹಸಿಸೊಪ್ಪಿನ ಪೊರಕೆ ಹಿಡಿದು ದಿನಾ ಗುಡಿಸಬೇಕು. ಕಾಡು ಉದುರಿಸುವುದನ್ನು ನಿಲ್ಲಿಸುವುದಿಲ್ಲ, ಇವ ಗುಡಿಸುವುದನ್ನು ನಿಲ್ಲಿಸುವ ಹಾಗಿಲ್ಲ.

ಆ ಲೈನು ಶಿಬಿರದ ಬೆನ್ನಿಗೇ ಇತ್ತು, ಪಡುಬದಿಗೆ. ಅದರ ಮೇಲೆ ಈಗ ಮೊಣಕಾಲೆತ್ತರದ ಕಪ್ಪು ರಾಶಿಗಳು.

"ಬೆಂಕಿ ಈ ಪಟ್ಟಿ ದಾಟಿದ್ದು ಹೇಗೆ?" ಮಹಾಗಣಪತಿ ಕೇಳಿದರು.

"ಶಿಬಿರದವ್ರು ಡೇರೆಯ ಜಾಗದ ತರಗನ್ನೆಲ್ಲ ತಂದು ಲೈನಿನ ಮೇಲೆ ರಾಶಿ ಹಾಕಿದ್ದಾರೆ ಸರ್. ನಿನ್ನೆ ಬೆಳಿಗ್ಗೆ. ಹವಾಲ್ದಾರ್ರ ಅಪ್ಪಣೆಯಂತೆ. ಖಾಲಿ ಜಾಗ ಕಂಡಿತು, ಹಾಕಿಸಿದ್ರು."

"ನೀವು ನೋಡಲಿಲ್ಲವಾ?"

ಮೇದಪ್ಪ ಹೆಗಲಿನ ಕತ್ತಿಯನ್ನು ಈ ಬದಿಯಿಂದ ಆ ಬದಿಗೆ ಹಾಕಿಕೊಂಡ. "ನಿನ್ನೆ ನಾನು ಆಚೆ ಹೋಗ್ಲಿಲ್ಲ."

ಲೈನಿನಿಂದ ಪಡುವಣಕ್ಕೆ ಇಳಿದರು. ಸುಮಾರು ನಾಲ್ಕು ಎಕರೆ ಸುಟ್ಟಿತ್ತು. ಬೆಂಕಿ ಹುಟ್ಟಿದ ಜಾಗ ತೋಡಿನ ದಡದ ಬಿದಿರಿನ ಬುಡ ಎಂಬುದು ಯಾರಿಗೂ ಕಾಣುವಂತಿತ್ತು; ಅಲ್ಲಿಂದ ಮೇಲಕ್ಕೆ ಸುಟ್ಟ ಗುರುತು ಬೀಸಣಿಗೆಯ ಹಾಗೆ ಅಗಲವಾಗುತ್ತ ಹೋಗಿತ್ತು. ಆ ಬಿದಿರಿನಿಂದ ಹತ್ತು ಮಾರು ದೂರದಲ್ಲಿ, ತೋಡಿನ ಕಲ್ಲಿನ ಸಂದಿಯಲ್ಲಿ, ಮಾಯಿಲಪ್ಪನಿಗೆ ಅರ್ಧ ಉರಿದ ಸೂಟೆ ಸಿಕ್ಕಿತು. ತೆಂಗಿನ ಒಣಗರಿಯನ್ನು ಬಿಗಿಯಾಗಿ ಕಟ್ಟಿದ ಪಂಜು.

"ಇದು ಜೇನು ತೆಗೆಯುವ ಬೋಜನದ್ದು ಸರ್," ಎಂದ ಪಂಚರಲ್ಲಿ ಒಬ್ಬ. "ಹೀಗೆ ಮೂರು ಕಟ್ಟು ಹಾಕುವವ ಅವನೊಬ್ಬನೇ."

ಮಹಾಗಣಪತಿಯವರ ಮುಖ ಅರಳಿತು. ಸೂಟೆಯನ್ನು ಅಳೆದು, ಕಾಗದದಲ್ಲಿ ಸುತ್ತಿ, ಮೊಹರು ಹಾಕಿಸಿದರು.

ವಾಪಸು ಹತ್ತುವಾಗ ದಾರಿಯಲ್ಲಿ ದೈವದ ಕಲ್ಲು ಸಿಕ್ಕಿತು. ಹಳೆಯ ಬೋಗಿಮರದ ಕೆಳಗೆ ಮೊಣಕಾಲೆತ್ತರದ ಒಂದು ಕಲ್ಲು, ಅಷ್ಟೇ. ಗುಡಿಯಿಲ್ಲ, ಗೋಡೆಯಿಲ್ಲ. ಕಾಡಿಗೆ ಹೋಗುವವರು ಅಪ್ಪಣೆ ಕೇಳಿ ಹೋಗುವ ಜಾಗ. ಸುತ್ತಲೂ ಕಾಡು ಕರಿಕಟ್ಟಿದ್ದರೂ ಕಲ್ಲಿನ ಸುತ್ತ ನಾಲ್ಕು ಅಡಿ ನೆಲಕ್ಕೆ ಬೆಂಕಿ ಮುಟ್ಟಿರಲಿಲ್ಲ. ಪಂಚರಿಬ್ಬರೂ ಚಪ್ಪಲಿ ಕಳಚಿ ಕೈ ಮುಗಿದರು.

"ದೈವದ ಕಾರ್ಣಿಕ," ಎಂದ ಮೇದಪ್ಪ. "ಮಹಿಮೆ ನೋಡಿ, ಬೆಂಕಿ ಸುತ್ತು ಹಾಕಿ ಹೋಗಿದೆ."

ಮಹಾಗಣಪತಿ ನಂಬಿದರೋ ಬಿಟ್ಟರೋ, 'ಕಲ್ಲಿನ ಸುತ್ತ ನಾಲ್ಕು ಅಡಿ ಸುಟ್ಟಿರುವುದಿಲ್ಲ' ಎಂದು ಬರೆಸಿ ಮುಂದೆ ನಡೆದರು. ಕೂಸಪ್ಪ ಮಾತ್ರ ಕೈ ಮುಗಿಯಲು ಬಗ್ಗಿದವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಉಳಿದ ನೆಲದ ಮೇಲೆ ಪೊರಕೆ ಎಳೆದ ಗೀರುಗಳಿದ್ದವು. ಒಂದೇ ಒಂದು ಎಲೆಯಿರಲಿಲ್ಲ. ಸುತ್ತಿನ ಅಂಚಿನಲ್ಲಿ, ಪಡುಬದಿಗೆ ಮಾತ್ರ, ಪಾದ ಮುಳುಗುವಷ್ಟು ಬೂದಿ. ಮೂಡುಬದಿಗೆ ತೆಳ್ಳಗೆ ಹಿಟ್ಟು ಉದುರಿಸಿದಷ್ಟು.

ಅವನು ಬೂದಿಗೆ ಬೆರಳು ಅದ್ದಿ ನೋಡಿದ. ತಲೆಯೆತ್ತಿದಾಗ ಮೇದಪ್ಪ ಅವನನ್ನೇ ನೋಡುತ್ತಿದ್ದ. ನೋಡಿ ಕಣ್ಣು ತಿರುಗಿಸಿದ.

'ಸರ್' ಎಂದು ಕರೆಯಲು ಬಾಯಿ ತೆರೆದ ಕೂಸಪ್ಪ. ಮುಂದೆ ಮಹಾಗಣಪತಿ ಸೂಟೆಯ ಪೊಟ್ಟಣವನ್ನು ಕಂಕುಳಲ್ಲಿ ಹಿಡಿದು, ಹಬ್ಬದ ಪೇಟೆಯಿಂದ ಬರುವವರ ಹಾಗೆ ಹೋಗುತ್ತಿದ್ದರು. ಹೋಗಲಿ, ಹೋಗಲಿ ಎನಿಸಿತು ಇವನಿಗೆ. ಡಿಗ್ರಿ ಉಂಟಲ್ಲ, ಅದೇ ಕಂಡುಹಿಡಿಯಲಿ. ಬಾಯಿ ಮುಚ್ಚಿದ.

ಅದೇ ದಿನ ಮಧ್ಯಾಹ್ನ ಹನ್ನೆರಡೂಕಾಲಿಗೆ ಬೋಜನನ್ನು ಠಾಣೆಗೆ ತಂದರು. ಬಡಕಲು ಮನುಷ್ಯ; ಜೇನಿನ ಕಡಿತದಿಂದ ಒಂದು ಕಿವಿ ಯಾವಾಗಲೂ ಊದಿಕೊಂಡೇ ಇರುವವನು.

"ಸೂಟೆ ನಿನ್ನದಾ?"

"ನಂದೇ ಧಣಿ."

"ಎಷ್ಟು ಹೊತ್ತಿಗೆ ಉರಿಸಿದ್ದು?"

"ಬೆಳಿಗ್ಗೆ, ಬಿಸಿಲು ಏರುವ ಮೊದ್ಲು. ಜೇನು ಏಳ್ಬೇಕಾದ್ರೆ ಹೊಗೆ ಬೇಕಲ್ಲ. ಆಮೇಲೆ ತೋಡಿನ ನೀರಲ್ಲಿ ಅದ್ದಿ ಬಿಸಾಡಿದ್ದು."

"ಅದ್ದಿದ್ದನ್ನು ನೋಡಿದವರು?"

"ಕಾಡಲ್ಲಿ ಯಾರು ನೋಡುದು ಧಣಿ?"

"ಮಧ್ಯಾಹ್ನ ಎರಡೂವರೆಗೆ ಎಲ್ಲಿದ್ದೆ?"

"ನಫೀಸಮ್ಮನ ಅಂಗಡಿಗೆ ಜೇನು ಕೊಡ್ಲಿಕ್ಕೆ ಹೋಗಿದ್ದೆ."

"ಎಷ್ಟು ಗಂಟೆಗೆ?"

"ಗಂಟೆ ನಂಗೆ ಗೊತ್ತಾಗುದಿಲ್ಲ."

'ಸಮಯ ತಿಳಿಸಲು ವಿಫಲನಾದನು' ಎಂದು ಮಹಾಗಣಪತಿ ಬರೆದುಕೊಂಡರು. ಪಕ್ಕದಲ್ಲಿ ನಿಂತ ಕೂಸಪ್ಪನ ನಾಲಿಗೆಯ ತುದಿಗೆ ಒಂದು ಪ್ರಶ್ನೆ ಬಂದಿತ್ತು. ಆ ಸೀಮೆಯಲ್ಲಿ ಗಂಟೆ ಕೇಳಿದರೆ ಯಾರಿಗೂ ಗೊತ್ತಿಲ್ಲ, ಬಸ್ಸು ಕೇಳಬೇಕು. ನೀನು ಅಂಗಡಿಯಲ್ಲಿರುವಾಗ ಬಸ್ಸು ಬಂದಿತ್ತಾ ಎಂದರೆ ಸಣ್ಣ ಮಗುವೂ ಹೇಳುತ್ತದೆ. ಕೂಸಪ್ಪ ಆ ಪ್ರಶ್ನೆಯನ್ನು ಎಲೆಅಡಿಕೆಯ ಜೊತೆ ನುಂಗಿದ.

ಬೋಜನನ್ನು ಲಾಕಪ್ಪಿಗೆ ಹಾಕಿ, ಮಾರನೇ ದಿನ ಪುತ್ತೂರಿನ ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸುವುದೆಂದಾಯಿತು. ಕೂಸಪ್ಪ ಕಾಗದಪತ್ರ ತಯಾರು ಮಾಡುತ್ತ ಮನಸ್ಸಿನಲ್ಲೇ ಕೋರ್ಟು ನಡೆಸಿದ. ವಕೀಲರು ನಫೀಸಮ್ಮನನ್ನು ಕರೆಸುತ್ತಾರೆ. ಅವಳು ಬಸ್ಸಿನ ಮಾತು ಹೇಳುತ್ತಾಳೆ. ಪೊಲೀಸರು ಇಷ್ಟೂ ವಿಚಾರಿಸಲಿಲ್ಲವೇ ಎಂದು ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿನಿಂದ ನೋಡುತ್ತಾರೆ. ಮಹಾಗಣಪತಿಯವರ ಇಸ್ತ್ರಿ ಅಂಗಿ ಬೆವರಿನಲ್ಲಿ ಒದ್ದೆಯಾಗುತ್ತದೆ. ಆಹಾ! ಬರೆಯುತ್ತ ಬರೆಯುತ್ತ ಅವನಿಗೆ ಸಣ್ಣಗೆ ನಗು ಬಂತು.

ಸಂಜೆ ಐದೂವರೆಗೆ ಬೋಜನ ಹೆಂಡತಿ ಚೆನ್ನು ಬಂದಳು. ನಾಲ್ಕು ಮೈಲಿ ನಡೆದು ಬಂದವಳು. ಕೈಯಲ್ಲಿ ಗಂಜಿಯ ಪಾತ್ರೆ, ಬಾಳೆಲೆಯಲ್ಲಿ ಕಟ್ಟಿದ ಚಟ್ನಿ. ಅಳುತ್ತಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತು, ಕೂಸಪ್ಪ ಹೊರಗೆ ಬಂದ ಕೂಡಲೇ ಎದ್ದು ನಿಂತಳು.

"ಇದನ್ನ ಅವ್ರಿಗೆ ಕೊಡ್ಬಹುದಾ ಅಣ್ಣ?"

"ಕೊಡುವ. ನೀನು ಕೂತ್ಕೋ."

"ನಂಗೆ ಹೆದರಿಕೆ ಇಲ್ಲ ಅಣ್ಣ. ಬೆಳಿಗ್ಗೆ ಕರ್ಕೊಂಡು ಹೋಗುವಾಗ ಇವ್ರೇ ಹೇಳಿದ್ದಾರೆ. ಸಣ್ಣ ಇನ್ಸ್‌ಪೆಕ್ಟ್ರಿಗೆ ಕಾಡು ಗೊತ್ತಿಲ್ಲ, ಆದ್ರೆ ಕೂಸಪ್ಪಣ್ಣ ಇರುವ ಠಾಣೆ ಅದು, ನೀನು ಹೆದರ್ಬೇಡ ಅಂತ."

ಕೂಸಪ್ಪ ಪಾತ್ರೆ ತೆಗೆದುಕೊಂಡ. ಗಂಜಿ ಇನ್ನೂ ಉಗುರುಬೆಚ್ಚಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದವನು. ಈಗ ಬರೆ ಹಾಕುವ ಕಬ್ಬಿಣ ಅವನದೇ ಕೈಯಲ್ಲಿತ್ತು. ಮಹಾಗಣಪತಿಗೆ ಒಂದು ದಿನ ಅವಮಾನವಾಗಲಿ ಎಂದು ಬೋಜ ಎಷ್ಟು ದಿನ ಜೈಲಿನಲ್ಲಿ ಕೂರಬೇಕು? ಕೋರ್ಟಿನ ವಾಯಿದೆ ಅಂದರೆ ಆರು ತಿಂಗಳೂ ಆಗಬಹುದು. ಅಷ್ಟು ಹೊತ್ತಿಗೆ ಜೇನಿನ ಕಾಲ ಮುಗಿದಿರುತ್ತದೆ, ಮಳೆಗಾಲಕ್ಕೆ ಇವಳ ಒಲೆಗೆ ಎಂತ ಉಂಟು? ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಪಾತ್ರೆಯನ್ನು ಬೋಜನ ಎದುರು ಇಟ್ಟು ಕೇಳಿದ, "ನೀನು ನಫೀಸಮ್ಮನ ಅಂಗಡಿಯಲ್ಲಿರುವಾಗ ಮಧ್ಯಾಹ್ನದ ಬಸ್ಸು ಬಂತಾ?"

"ಬಂತಲ್ಲ. ಚಾ ಕುಡೀತಾ ಇದ್ದೆ. ಬಸ್ಸು ವಾಪಸು ಹೋದ ಮೇಲೆಯೇ ನಾನು ಎದ್ದದ್ದು."

ಮಧ್ಯಾಹ್ನದ ಬಸ್ಸು ಬರುವುದು ಎರಡು ಹತ್ತಕ್ಕೆ, ತಿರುಗಿ ಹೊರಡುವುದು ಎರಡು ನಲವತ್ತಕ್ಕೆ. ಅಂಗಡಿಯಿಂದ ಬೆಂಕಿಯ ಜಾಗಕ್ಕೆ ನಾಲ್ಕು ಮೈಲಿ ಏರುದಾರಿ. ಕೂಸಪ್ಪ ನೇರ ಮಹಾಗಣಪತಿಯವರ ಮೇಜಿನ ಎದುರಿಗೆ ಹೋಗಿ ನಿಂತು ಎಲ್ಲವನ್ನೂ ಹೇಳಿದ. ಬಸ್ಸಿನ ಮಾತು ಹೇಳಿದ. ಆಮೇಲೆ ಕಲ್ಲಿನ ಮಾತು.

"ಅದು ಕಾರ್ಣಿಕ ಅಲ್ಲ ಸರ್. ಬೆಂಕಿ ಕೊಡುವ ಮೊದ್ಲು ಯಾರೋ ಗುಡಿಸಿದ್ದು. ನಮ್ಮ ಕಡೆಯವ್ರು ಕಾಡು ಸುಟ್ಟಾರು, ದೈವವನ್ನ ಸುಡ್ಲಿಕ್ಕೆ ಕೈ ಏಳುದಿಲ್ಲ."

"ಯಾರು ಅಂತ ಹೇಗೆ ಹೇಳ್ತೀರಿ?"

"ಗುಡಿಸಿದ ಕ್ರಮ ನೋಡಿ. ಮನೆ ಅಂಗಳ ಗುಡಿಸುವವ್ರು ತರಗನ್ನ ಸುತ್ತ ಎಲ್ಲ ಬದಿಗೂ ತಳ್ತಾರೆ. ಬೆಂಕಿ ಕಾವಲಿನವ್ರು ಹಾಗಲ್ಲ. ಬೆಂಕಿ ಯಾವ ಬದಿಯಿಂದ ಬರ್ತದೋ ಆ ಬದಿಗೇ ಎಲ್ಲ ತರಗನ್ನ ಎಳೀತಾರೆ. ಅದು ಅಲ್ಲೇ ಉರಿದು ಸಾಯ್ಲಿ, ಈಚೆ ಹಾರದಿರ್ಲಿ ಅಂತ. ಬಾಳೆಕಜೆಗೆ ಬೆಂಕಿ ಬರುದು ಯಾವತ್ತೂ ಮೂಡಣದ ಹುಲ್ಲುಗುಡ್ಡೆಯಿಂದ. ಲೈನಿನ ತರಗನ್ನ ವರ್ಷವೂ ಮೂಡಣಕ್ಕೇ ಎಳೆಯುದು. ಕಲ್ಲಿನ ಹತ್ರ ಮಾತ್ರ ಪಡುವಣಕ್ಕೆ ಎಳ್ದಿದ್ದಾರೆ ಸರ್. ಈ ಸಲ ಬೆಂಕಿ ಪಡುವಣದಿಂದ ಬರ್ತದೆ ಅಂತ ಗುಡಿಸುವಾಗ್ಲೇ ಗೊತ್ತಿತ್ತು ಅವನಿಗೆ."

ಮಹಾಗಣಪತಿ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. "ಇದು ನಿಮಗೆ ಬೆಳಿಗ್ಗೆಯೇ ಗೊತ್ತಾಗಿತ್ತಾ, ಕೂಸಪ್ಪನವರೇ?"

"ಗೊತ್ತಾಗಿತ್ತು ಸರ್."

"ಮತ್ತೆ ಯಾಕೆ ಹೇಳಲಿಲ್ಲ?"

ಕೂಸಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ. ಉತ್ತರ ಇಬ್ಬರಿಗೂ ಗೊತ್ತಿತ್ತು. ಮಹಾಗಣಪತಿಯವರ ಕಿವಿ ಕೆಂಪಾಯಿತು. ಬಯ್ಯುತ್ತಾರೆ ಎಂದುಕೊಂಡ, ಬಯ್ಯಲಿಲ್ಲ. ಬೋಜನಿಂದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡಿ, ನಾಳೆ ಏಳು ಗಂಟೆಗೆ ಹೊರಡೋಣ, ಎಂದಷ್ಟೇ ಹೇಳಿ ಎದ್ದು ಹೋದರು.

ಏಪ್ರಿಲ್ 20, ಶನಿವಾರ. ಏಳೂ ಮುಕ್ಕಾಲಿಗೆ ನಫೀಸಮ್ಮನ ಹೇಳಿಕೆ ದಾಖಲಾಯಿತು. "ಬೋಜ ಮೊನ್ನೆ ಮಧ್ಯಾಹ್ನದ ಬಸ್ಸು ಬರುವ ಮೊದ್ಲೇ ಬಂದವ. ಡ್ರೈವರು ಇವನ ಜೇನನ್ನು ಬೆರಳಲ್ಲಿ ನೆಕ್ಕಿ ನೋಡಿ, ಬೆಲ್ಲ ಹಾಕಿದ್ದೀಯಾ ಅಂತ ಕೇಳಿದ್ರು. ಇವ ಜಗಳಕ್ಕೇ ಹೋದ. ಬೇಕಾದ್ರೆ ಡ್ರೈವರನ್ನೇ ಕೇಳಿ." ಕೇಳಿದರು. ಬೆಳಗಿನ ಬಸ್ಸು ತಂದ ಡ್ರೈವರೂ ಹೌದೆಂದ.

ಹತ್ತು ಗಂಟೆಗೆ ಕಲ್ಲಿನ ಹತ್ತಿರ ಎರಡನೇ ಪಂಚನಾಮೆ. ಬೂದಿಯ ದಪ್ಪ ಅಳೆದರು: ಪಡುಬದಿಗೆ ನಾಲ್ಕೂವರೆ ಅಂಗುಲ, ಮೂಡುಬದಿಗೆ ಕಾಲು ಅಂಗುಲ. ಕಾವಲು ಗುಡಿಸಲಿನಿಂದ ಮೇದಪ್ಪನನ್ನು ಕರೆಸಿದರು. ಬಂದವನು ಕೂಸಪ್ಪನ ಮುಖ ನೋಡಿದ, ನೆಲ ನೋಡಿದ, ಅಳತೆಯ ಟೇಪು ನೋಡಿದ.

"ನೀವೇ ಕೇಳಿ," ಎಂದು ಮಹಾಗಣಪತಿ ಎರಡು ಹೆಜ್ಜೆ ಹಿಂದೆ ಸರಿದರು.

"ಇಲ್ಲಿ ಗುಡಿಸಿದ್ದು ಯಾರು ಮೇದಪ್ಪ?"

"ನಾನು ನಿನ್ನೆಯೇ ಹೇಳಿದೆ. ದೈವದ ಕಾರ್ಣಿಕ."

"ದೈವ ಗುಡಿಸುದಾದ್ರೆ ತರಗನ್ನ ಪಡುವಣಕ್ಕೇ ಎಳೆಯುದು ಯಾಕೆ ಮಾರಾಯ?"

ಮೇದಪ್ಪ ಕಾಲಿನ ಹೆಬ್ಬೆರಳಿನಿಂದ ಬೂದಿ ಕೆದಕಿದ.

"ಈ ಕಾಡಿನಲ್ಲಿ ಪಡುವಣದ ಬೆಂಕಿ ನೀನು ಕಂಡದ್ದು ಎಷ್ಟು ಸಲ?"

"ಕಂಡದ್ದಿಲ್ಲ."

"ಮತ್ತೆ?"

"ಗುಡಿಸಿದ್ದು ನಾನೇ, ಆಯ್ತಾ? ದೈವದ ಜಾಗ ಯಾವಾಗ್ಲೂ ಗುಡಿಸ್ತೇನೆ."

"ಗುಡಿಸಿದವ ನಿನ್ನೆ ಕಾರ್ಣಿಕ ಅಂತ ಯಾಕೆ ಸುಳ್ಳು ಹೇಳಿದ್ದು? ಈ ಕಲ್ಲಿನ ಎದುರೇ ನಿಂತು ಹೇಳಿದ್ದಲ್ವಾ ನೀನು? ಈಗ 'ಬೆಂಕಿ ಕೊಟ್ಟದ್ದು ನಾನಲ್ಲ' ಅಂತ ಇದೇ ಕಲ್ಲು ಮುಟ್ಟಿ ಹೇಳು. ನಾವು ಹೀಗೇ ಹಿಂದೆ ಹೋಗ್ತೇವೆ."

ಮೇದಪ್ಪ ಕಲ್ಲಿನ ಕಡೆಗೆ ಒಂದು ಹೆಜ್ಜೆ ಇಟ್ಟ. ಕೈ ಮುಂದಕ್ಕೆ ಚಾಚಿದ. ಆಮೇಲೆ ಆ ಕೈಯನ್ನು ಹಿಂದಕ್ಕೆ ತೆಗೆದು, ತನ್ನ ಮುಖ ಒರೆಸಿಕೊಂಡು, ಅಲ್ಲೇ ಬೂದಿಯಲ್ಲಿ ಕೂತುಬಿಟ್ಟ. ಹೇಳತೊಡಗಿದಾಗ ಅವನು ಮಾತಾಡಿದ್ದು ಇನ್ಸ್‌ಪೆಕ್ಟರ ಹತ್ತಿರವಲ್ಲ, ಕೂಸಪ್ಪನ ಹತ್ತಿರ.

"ಒಂಬತ್ತು ವರ್ಷ ಕೂಸಪ್ಪ. ಮರದ ಹೆಸ್ರು ಹೇಳಿಕೊಟ್ಟದ್ದು ನಾನು. ಆನೆ ದಾರಿ ತೋರ್ಸಿದ್ದು ನಾನು. ಸಂಜೆ ಬೆಂಕಿಯ ಹತ್ರ ಒಂದು ಕೊರಡು ಉಂಟು, ಅದ್ರ ಮೇಲೆ ಕೂತು ಕತೆ ಹೇಳುದು ನಾನು. ನಾಲ್ಕನೇ ಕ್ಲಾಸಿನವ ನಾನು, ಮುಂದೆ ಮಾಷ್ಟ್ರುಗಳಾಗುವವ್ರು ನಂಗೆ 'ಮೇದಪ್ಪ ಮಾಷ್ಟ್ರೇ' ಅಂತ ಹೇಳುದು. ವರ್ಷದಲ್ಲಿ ಐದೇ ದಿನ. ಉಳಿದ ದಿನ 'ಏ ವಾಚರ್, ಇಲ್ಲಿ ಬಾ'. ಆ ಐದು ದಿನಕ್ಕೆ ನಾನು ವರ್ಷ ಇಡೀ ಕಾಯುದು, ನಿಂಗೆ ಗೊತ್ತುಂಟಾ?"

"ಈ ವರ್ಷ ಎಂತ ಆಯ್ತು?"

"ಹಿತ್ತಲ ಗಿಡ ಮದ್ದಲ್ಲ, ಅಷ್ಟೆ. ಹವಾಲ್ದಾರ ಬಂದ. ಕೊರಳಲ್ಲಿ ಸೀಟಿ, ಕೈಯಲ್ಲಿ ದಿಕ್ಕು ತೋರ್ಸುವ ಡಬ್ಬಿ. ಈ ಕಾಡಿನಲ್ಲಿ ದಿಕ್ಕು ನೋಡ್ಲಿಕ್ಕೆ ಡಬ್ಬಿ ಬೇಕಾ? ಅವ ಸೀಟಿ ಊದಿದ ಕೂಡ್ಲೇ ಎಲ್ಲ ಅವನ ಹಿಂದೆ ಓಡುದು. ಮೊದಲ ಸಂಜೆಯೇ ನನ್ನ ಕೊರಡಿನ ಮೇಲೆ ಕೂತ. ಗುರುವಪ್ಪ ಮಾಷ್ಟ್ರು ನಂಗೆ ಎಂತ ಹೇಳಿದ್ರು ಗೊತ್ತುಂಟಾ? 'ಮೇದಪ್ಪ, ಹವಾಲ್ದಾರ್ರಿಗೆ ಸ್ನಾನಕ್ಕೆ ಎರಡು ಕೊಡ ನೀರು ತಾ' ಅಂತ. ತಂದೆ. ಮೂರು ದಿನ ತಂದೆ."

"ಅದಕ್ಕೆ ಬೆಂಕಿ ಕೊಟ್ಯಾ?"

"ಲೈನಿನ ತನಕ ಬರ್ಲಿ ಅಂತ ಕೊಟ್ಟದ್ದು. ಅಷ್ಟೇ. ಲೈನಿಗೆ ಬಂದು ನಿಲ್ತದೆ, ನಾನು ಗುಡಿಸಿದ ಲೈನು ಅದು, ದಾಟುದಿಲ್ಲ. ಬೆಂಕಿ ಕಂಡ್ರೆ ಅವ ಸೀಟಿ ಬಿಸಾಡಿ ಓಡ್ತಾನೆ. ಆಗ ನಾನು ಸೊಪ್ಪು ಹಿಡಿದು ಲೈನಿನಲ್ಲಿ ನಿಲ್ಲುದು. ಕಾಡು ಯಾರಿಗೆ ಗೊತ್ತುಂಟು ಅಂತ ಎಲ್ಲರೂ ನೋಡ್ಬೇಕು."

"ಲೈನಿನ ಮೇಲೆ ತರಗು ರಾಶಿ ಬಿದ್ದದ್ದು ನೋಡ್ಲಿಲ್ವಾ ನೀನು?"

"ನೋಡ್ಲಿಲ್ಲ." ಮೇದಪ್ಪ ಬೂದಿಯನ್ನು ಅಂಗೈಯಿಂದ ಒಂದು ಬದಿಗೆ ಎಳೆದ. "ಲೈನು ಗುಡಿಸ್ಲಿಕ್ಕೆ ಶಿಬಿರದ ಹಿಂದೆಯೇ ಹೋಗ್ಬೇಕು. ಅಲ್ಲಿ ಹೋದ್ರೆ ಅವನ ಸೀಟಿ ಕೇಳ್ತದೆ, ಅವ್ರೆಲ್ಲ ನಗುದು ಕೇಳ್ತದೆ. ಹೋಗ್ಲಿಲ್ಲ. ಹತ್ತು ವರ್ಷದಲ್ಲಿ ಒಂದೇ ಒಂದು ದಿನ ಲೈನು ಗುಡಿಸ್ಲಿಲ್ಲ ಕೂಸಪ್ಪ, ಒಂದೇ ದಿನ."

ಬೇಲಿಯೇ ಎದ್ದು ಹೊಲ ಮೇಯಿತಲ್ಲ ಎಂದು ಮಾಯಿಲಪ್ಪ ಹಿಂದಿನಿಂದ ಗೊಣಗಿದ. ಯಾರೂ ಅವನ ಕಡೆ ನೋಡಲಿಲ್ಲ.

"ಬೆಂಕಿ ದಾಟಿದ ಮೇಲೆ ನೀನು ಎಲ್ಲಿದ್ದೆ?"

"ಓಡಿ ಬಂದೆ. ಒಳಗೆ ದುಗ್ಗಮ್ಮಕ್ಕನ ಬೊಬ್ಬೆ ಕೇಳಿತು. ಡೇರೆಗೆ ನುಗ್ಗಬೇಕು ಅಂತ ಬರುವಾಗ ಅವ ನನ್ನ ಕಣ್ಣೆದುರೇ ಒಳಗೆ ಹೋದ. ಓಡಿ ಹೋಗ್ತಾನೆ ಅಂತ ನಾನು ಎಣಿಸಿದವ, ಬೆಂಕಿಯ ಒಳಗೆ ಹೋದ. ಆಗ ನಂಗೆ ಎಂತ ಅನಿಸಿತು ಹೇಳ್ಲಾ? ದುಗ್ಗಮ್ಮಕ್ಕ ಬದುಕ್ಲಿ ಅಂತ ಅಲ್ಲ. ಇವ ಇದನ್ನೂ ನನ್ನ ಕೈಯಿಂದ ತೆಕ್ಕೊಂಡ ಅಂತ."

ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಮೇದಪ್ಪನನ್ನು ದಸ್ತಗಿರಿ ಮಾಡಲಾಯಿತು. ಕಾವಲು ಗುಡಿಸಲಿನಿಂದ ಒಂದು ಬೆಂಕಿಪೊಟ್ಟಣ, ಬಾಡಿದ ಸೊಪ್ಪಿನ ಪೊರಕೆ ಒಂದು, ಇವನ್ನು ಪಂಚರ ಎದುರು ವಶಪಡಿಸಿಕೊಂಡರು. ದುಗ್ಗಮ್ಮ ಅಪಾಯದಿಂದ ಪಾರಾಗಿದ್ದಾಳೆ ಎಂಬ ಸುದ್ದಿ ಸಂಜೆಯ ಬಸ್ಸಿನಲ್ಲಿ ಬಂತು. ಹವಾಲ್ದಾರರ ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ.

ಆ ಸಂಜೆ ಮಹಾಗಣಪತಿ ತನಿಖಾ ಡೈರಿ ಬರೆದು ಕೂಸಪ್ಪನ ಮುಂದಿಟ್ಟರು. 'ದೈವದ ಕಲ್ಲಿನ ಸುತ್ತ ತರಗೆಲೆ ಗುಡಿಸಿದ ಕ್ರಮದಿಂದ ಆರೋಪಿಯ ಸುಳಿವು ದೊರೆತಿದ್ದು, ಇದನ್ನು ದಿನಾಂಕ 20ರಂದು ಹೆಡ್ ಕಾನ್‌ಸ್ಟೇಬಲ್ ಕೂಸಪ್ಪನವರು ಗಮನಿಸಿದರು' ಎಂದಿತ್ತು. ಬಹುಮಾನಕ್ಕೆ ಶಿಫಾರಸು ಮಾಡಿದ ಒಂದು ಸಾಲೂ ಇತ್ತು.

ಕೂಸಪ್ಪ ಎರಡು ಸಲ ಓದಿದ. ಒಂದು ದಿನ ಆಚೆ ಈಚೆ, ಯಾರಿಗೆ ಗೊತ್ತಾಗುತ್ತದೆ? ಆದರೆ 19ರ ಮಧ್ಯಾಹ್ನ ಇಡೀ ಬೋಜ ಸರಳಿನ ಹಿಂದೆ ಕೂತಿದ್ದ.

"ಸರ್, ನಿಮ್ಮ ಕೆಂಪು ಪೆನ್ನು ಒಮ್ಮೆ ಕೊಡಿ."

ಮಹಾಗಣಪತಿ ಕೊಟ್ಟರು. ಕೂಸಪ್ಪ 20ನ್ನು ಹೊಡೆದು 19 ಎಂದು ಬರೆದ. 'ಆದರೆ ಸಂಜೆಯ ತನಕ ತಿಳಿಸಲಿಲ್ಲ' ಎಂದು ಸೇರಿಸಿ, ಪಕ್ಕದಲ್ಲಿ ರುಜು ಹಾಕಿದ.

"ಇದರಿಂದ ನಿಮ್ಮ ಬಡ್ತಿಗೆ ತೊಂದರೆ ಆಗ್ತದೆ, ಕೂಸಪ್ಪನವರೇ."

"ಬಡ್ತಿ ಎಲ್ಲಿ ಬರ್ತಾ ಉಂಟು ಸರ್, ತೊಂದರೆ ಆಗ್ಲಿಕ್ಕೆ," ಎಂದ ಕೂಸಪ್ಪ. ಇಬ್ಬರೂ ಮೊದಲ ಸಲ ಒಟ್ಟಿಗೆ ನಕ್ಕರು. ಬಹಳ ಹೊತ್ತು ನಗಲಿಲ್ಲ.

ಭಾನುವಾರ ಬೆಳಿಗ್ಗೆ ಆರೋಪಿಯನ್ನು ಪುತ್ತೂರಿಗೆ, ಮ್ಯಾಜಿಸ್ಟ್ರೇಟರ ಮನೆಗೆ ಹಾಜರುಪಡಿಸಲು ಕೂಸಪ್ಪನೇ ಹೊರಟ. ಬಸ್ಸಿನಲ್ಲಿ ಮೇದಪ್ಪನನ್ನು ಕಿಟಕಿಯ ಬದಿಗೆ ಕೂರಿಸಿ, ಕೈಕೋಳದ ಮೇಲೆ ತನ್ನ ಟವೆಲು ಹಾಕಿದ. ಕಾಡಿನ ತುದಿಯ ತಿರುವಿನಲ್ಲಿ, ಬೆಂಕಿ ಲೈನು ಇಳಿದು ಬಂದು ರಸ್ತೆಗೆ ಮುಟ್ಟುವ ಕಡೆ, ಯಾರೋ ಇಬ್ಬರು ಹಸಿಸೊಪ್ಪು ಹಿಡಿದು ಗುಡಿಸುತ್ತಿದ್ದರು. ಬೋಜ, ಚೆನ್ನು. ಮಳೆ ಬರುವ ತನಕ ಕಾವಲಿಗೆ ಜನ ಬೇಕೆಂದು ಅರಣ್ಯ ಇಲಾಖೆಯ ರೇಂಜರು ನಿನ್ನೆಯೇ ಬೋಜನನ್ನು ಗೊತ್ತು ಮಾಡಿದ್ದರು.

ಮೇದಪ್ಪ ಅರ್ಧ ಎದ್ದು ಕಿಟಕಿಯಿಂದ ನೋಡಿದ. ಬಸ್ಸು ತಿರುವು ದಾಟಿದರೂ ಕುತ್ತಿಗೆ ತಿರುಗಿಸಿ ನೋಡುತ್ತಲೇ ಇದ್ದ.

"ಅವ ಎರಡೂ ಬದಿಗೆ ತಳ್ತಾನೆ," ಎಂದ. "ನೋಡಿದ್ಯಾ ಕೂಸಪ್ಪ? ಅವನಿಗೆ ಗೊತ್ತಿಲ್ಲ. ನನ್ನ ಲೈನಿಗೆ ಅವನನ್ನ ಹಾಕಿದ್ದಾರೆ, ಅವನಿಗೆ ಗುಡಿಸ್ಲಿಕ್ಕೇ ಗೊತ್ತಿಲ್ಲ."

"ನೀನು ಹೇಳಿಕೊಟ್ಟದ್ದು ಅಂತ ಹೇಳಿ ನಾಳೆ ನಾನೇ ತೋರಿಸಿ ಬರ್ತೇನೆ."

ಮೇದಪ್ಪ ಮತ್ತೆ ಸೀಟಿನಲ್ಲಿ ಕೂತ. ಸ್ವಲ್ಪ ದೂರ ಹೋದ ಮೇಲೆ, ಟವೆಲಿನ ಕೆಳಗಿನಿಂದಲೇ ಬೆರಳು ಎತ್ತಿ, "ಮೂಡಣಕ್ಕೆ ಎಳೀಲಿಕ್ಕೆ ಹೇಳು," ಎಂದ. "ಮರೀಬೇಡ."